ರೂವಾರಿಯ ಹೆಸರು: ಮಾರ್ಗರೀಟ್ ಮಿಲ್ವರ್ಡ್ ಮತ್ತು ವಡೋದರದ ಶಿಲ್ಪಪರಂಪರೆ

ಕನ್ನಡ ಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ಅವುಗಳ ಕ್ರಿಯಾಪದಗಳ ವಿಷಯದಲ್ಲಿ ಒಂದು ಸಂಗತಿ ಕ್ರಮೇಣ ಮನದಟ್ಟಾಗುತ್ತದೆ. ಸ್ತ್ರೀಯರ ಹೆಸರುಗಳು ಅಲ್ಲಿ ವಿರಳವಲ್ಲ. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿಯನ್ನು ಮಾಡಿಸಿದಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿದಳು. ಶಾಂತಲದೇವಿ ಬೇಲೂರಿನಲ್ಲಿ ದೇವರನ್ನು ಪ್ರತಿಷ್ಠೆ ಮಾಡಿಸಿದಳು. ಹೀಗೆ ಮಾಡಿಸಿದ, ಕಟ್ಟಿಸಿದ, ಬರೆಯಿಸಿದ ಸ್ತ್ರೀಯರು ನಮಗೆ ಹೆಜ್ಜೆ ಹೆಜ್ಜೆಗೂ ದೊರೆಯುತ್ತಾರೆ. ಆದರೆ ಪ್ರೇರಣಾರ್ಥಕ ಪ್ರತ್ಯಯವನ್ನು ತೆಗೆದುಹಾಕಿ, ‘ಮಾಡಿದಳು’ ಎಂಬ ಸರಳ ರೂಪವನ್ನು ಶಿಲ್ಪದ ಸಂದರ್ಭದಲ್ಲಿ ಹುಡುಕಹೊರಟರೆ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಅಮೃತಾಪುರದಿಂದ ಸೋಮನಾಥಪುರದವರೆಗೆ ತನ್ನ ಗುರುತು ಬಿಟ್ಟುಹೋದ ರೂವಾರಿ ಮಲ್ಲಿತಮ್ಮ ಇವರೆಲ್ಲ ಕಲ್ಲಿನ ಮೇಲೆ ಹೆಸರು ಕೆತ್ತಿಕೊಂಡಿದ್ದಾರೆ. ಆ ಸಾಲಿನಲ್ಲಿ ಒಬ್ಬ ಹೆಂಗಸಿನ ಹೆಸರನ್ನು ನಾವು ಈವರೆಗೆ ಕಂಡಿಲ್ಲ. ಶಿಲಾಬಾಲಿಕೆಯರಾಗಿ ಅವರು ಕಂಬ ಕಂಬದ ಮೇಲೂ ನಿಂತಿದ್ದಾರೆ, ಆ ಮಾತು ಬೇರೆ.

ಈ ವ್ಯಾಕರಣ ಸಮಸ್ಯೆಯೇ ನಮ್ಮನ್ನು ಮಧ್ಯಕಾಲೀನ ಕರ್ನಾಟಕದಿಂದ ಇಪ್ಪತ್ತನೆಯ ಶತಮಾನದ ಗುಜರಾತಿನತ್ತ ಕೊಂಡೊಯ್ದಿತು. ಸ್ವತಂತ್ರ ಭಾರತದಲ್ಲಿ ಸ್ತ್ರೀಯರು ಶಿಲ್ಪಿಗಳಾಗಿ ತರಬೇತಿ ಪಡೆದು ಹೊರಬಂದ ಪ್ರಮುಖ ಕೇಂದ್ರಗಳಲ್ಲಿ ವಡೋದರದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ನಿಕಾಯವೂ ಒಂದು. ಕನ್ನಡ ನಾಡಿನ ಕಲಾವಿದೆಯರಿಗೂ ಆ ಸಂಸ್ಥೆಗೂ ನಿಕಟವಾದ ಸಂಬಂಧವಿದೆ. ಅಲ್ಲಿನ ಶಿಲ್ಪವಿಭಾಗದ ಗುರುಪರಂಪರೆಯನ್ನು ಹಿಂದಕ್ಕೆ ಹಿಂದಕ್ಕೆ ಅನುಸರಿಸಿ ಹೋದಾಗ, ಎರಡು ತಲೆಮಾರುಗಳ ಆಚೆ, ಯಾರೂ ಹೆಚ್ಚು ಹೊತ್ತು ನಿಂತು ನೋಡದ ಒಬ್ಬ ಆಂಗ್ಲ ಶಿಲ್ಪಿ ಎದುರಾಗುತ್ತಾರೆ. ಅವರೇ ಮಾರ್ಗರೀಟ್ ಮಿಲ್ವರ್ಡ್ (1873–1953). ಕಲಾಚರಿತ್ರೆಯ ಗ್ರಂಥಗಳಲ್ಲಿ ಅವರಿಗೆ ದೊರೆತಿರುವುದು ಸಾಮಾನ್ಯವಾಗಿ ಒಂದು ವಾಕ್ಯ, ಕೆಲವೊಮ್ಮೆ ವಾಕ್ಯದ ಅರ್ಧ. ಆ ಅರ್ಧ ವಾಕ್ಯವನ್ನು ಕೊಂಚ ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಗುಜರಾತಿನ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಮೂರನೆಯ ಸಯಾಜಿರಾವ್ ಗಾಯಕವಾಡರ ಆಳ್ವಿಕೆಯಲ್ಲಿ ವಡೋದರ ಶಿಲ್ಪಕ್ಕೆ ಉದಾರವಾಗಿ ಹಣ ಸುರಿದ ನಗರ. ಲಕ್ಷ್ಮೀವಿಲಾಸ ಅರಮನೆಗೆ ಇಟಲಿಯ ಅಗಸ್ಟೊ ಫೆಲಿಚಿ ವಿಗ್ರಹಗಳನ್ನು ಮಾಡಿಕೊಟ್ಟರು. 1890ರಲ್ಲಿ ಅಲ್ಲಿ ‘ಕಲಾಭವನ’ವೆಂಬ ತಾಂತ್ರಿಕ ಶಿಕ್ಷಣ ಸಂಸ್ಥೆ ಆರಂಭವಾಯಿತು. ಅದರ ಸ್ಥಾಪಕ ತ್ರಿಭುವನದಾಸ ಕಲ್ಯಾಣದಾಸ ಗಜ್ಜರ್ ಸೂರತ್ತಿನ ಬಡಗಿ ಮನೆತನದವರು. ಗುಜರಾತಿಯಲ್ಲಿ ಬಡಗಿಗೆ ‘ಸುತಾರ’ ಎನ್ನುತ್ತಾರೆ. ಅದು ಸಂಸ್ಕೃತದ ಸೂತ್ರಧಾರ ಶಬ್ದದ ತದ್ಭವ. ಅಳತೆಯ ದಾರವನ್ನು ಹಿಡಿದವನು ಎಂದು ಅರ್ಥ. ಆ ದಾರ ತಂದೆಯಿಂದ ಮಗನಿಗೆ ಹೋಗುತ್ತಿತ್ತು, ಮಗಳಿಗೆ ಹೋಗುತ್ತಿರಲಿಲ್ಲ. ಅಹಮದಾಬಾದಿನಲ್ಲಿ ಗಣಪತರಾವ್ ಮ್ಹಾತ್ರೆಯವರ ವಿಕ್ಟೋರಿಯಾ ಪ್ರತಿಮೆ ಬಂದಿತು. ಇದೇ ಮ್ಹಾತ್ರೆಯವರು 1896ರಲ್ಲಿ ಮುಂಬಯಿಯಲ್ಲಿ ಮಾಡಿದ, ದೇವಾಲಯಕ್ಕೆ ಹೊರಟ ತರುಣಿಯ ಪ್ರತಿಮೆ ದೇಶದಾದ್ಯಂತ ಹೆಸರಾಯಿತು. ಅಂದರೆ ಬೇಲೂರಿನ ಪರಿಸ್ಥಿತಿಯೇ ಇಲ್ಲಿಯೂ ಮುಂದುವರಿಯಿತು. ಪ್ರತಿಮೆ ಹೆಣ್ಣಿನದು, ಉಳಿ ಗಂಡಿನದು.

ಯೂರೋಪಿನಲ್ಲಿಯೂ ಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. ಪ್ಯಾರಿಸ್ಸಿನ ಸರಕಾರಿ ಕಲಾಶಾಲೆ ಸ್ತ್ರೀಯರಿಗೆ ಬಾಗಿಲು ತೆರೆದದ್ದು 1897ರಲ್ಲಿ. ನಗ್ನ ಮಾನವದೇಹವನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುವುದು ಶಿಲ್ಪಿಯ ವಿದ್ಯೆಗೆ ಬುನಾದಿ. ಅದೇ ಮರ್ಯಾದಸ್ಥ ಹೆಣ್ಣುಮಕ್ಕಳಿಗೆ ಸಲ್ಲದು ಎಂಬ ನಿರ್ಬಂಧವಿದ್ದ ಮೇಲೆ ಉಳಿದ ಮಾತೇನು? ಆದ್ದರಿಂದ ಖಾಸಗಿ ಕಲಾಶಾಲೆಗಳೇ ಅವರಿಗೆ ಆಸರೆಯಾದವು. ರೋಡಿನ್ನರ ಬಳಿ ಸಹಾಯಕರಾಗಿದ್ದು ಮುಂದೆ ಸ್ವತಂತ್ರ ಮಾರ್ಗ ಹಿಡಿದ ಅಂತ್ವಾನ್ ಬೋರ್ದೆಲ್ (1861–1929) ಪ್ಯಾರಿಸ್ಸಿನಲ್ಲಿ ಪಾಠ ಹೇಳುತ್ತಿದ್ದರು. ದೇಶದೇಶಗಳಿಂದ ಬಂದ ಸ್ತ್ರೀಯರು ಅವರ ಶಿಷ್ಯರಾಗಿದ್ದರು. ಮಿಲ್ವರ್ಡ್ ಅವರಲ್ಲೊಬ್ಬರು. ರೋಡಿನ್ನರ ಶಿಲ್ಪದಲ್ಲಿ ಮೇಲ್ಮೈ ಅಲೆಯಂತೆ ಮಿಡಿಯುತ್ತದೆ. ಬೋರ್ದೆಲ್ಲರಿಗೆ ಮೇಲ್ಮೈಗಿಂತ ಒಳಗಿನ ಕಟ್ಟಡ ಮುಖ್ಯ. ಮುಖವಾಗಲಿ ದೇಹವಾಗಲಿ ವಾಸ್ತುವಿನಂತೆ ಭಾರ ಹೊತ್ತು ನಿಲ್ಲಬೇಕು, ದೊಡ್ಡ ದೊಡ್ಡ ಸಮತಲಗಳಾಗಿ ಒಡೆದು ಕಾಣಬೇಕು ಎಂಬುದು ಅವರ ಬೋಧನೆಯ ತಿರುಳು. ಈ ಪಾಠ ಭಾರತಕ್ಕೆ ಬಂದದ್ದು ಮಿಲ್ವರ್ಡ್ ಅವರ ಕೈಯಲ್ಲಿ.

ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿ 1919ರಲ್ಲಿ ಕಲಾಭವನ ಆರಂಭವಾಗಿತ್ತು. ಹೆಸರೊಂದೇ ಆದರೂ ವಡೋದರದ ಕಲಾಭವನಕ್ಕೂ ಇದಕ್ಕೂ ಸಂಬಂಧವಿಲ್ಲ. ಇವೆರಡನ್ನೂ ಒಂದೆಂದು ಭಾವಿಸಿದವರನ್ನು ನಾವು ಕಂಡಿರುವುದರಿಂದ ಈ ಮಾತು ಹೇಳಬೇಕಾಯಿತು. ನಂದಲಾಲ ಬೋಸರ ನೇತೃತ್ವದಲ್ಲಿ ಅಲ್ಲಿ ಚಿತ್ರಕಲೆಯೇ ಪ್ರಧಾನವಾಗಿತ್ತು. ಹೊರದೇಶದ ವಿದ್ವಾಂಸರನ್ನೂ ಕಲಾವಿದರನ್ನೂ ಕರೆಸಿಕೊಳ್ಳುವುದು ರವೀಂದ್ರರ ಪದ್ಧತಿ. ಹಾಗೆ ಬಂದವರಲ್ಲಿ ಸ್ತ್ರೀಯರು ಎಷ್ಟು ಮಂದಿ ಎಂಬುದನ್ನು ಗಮನಿಸಬೇಕು. ಕಲಾಚರಿತ್ರೆಯ ಸ್ಟೆಲ್ಲಾ ಕ್ರಾಮ್ರಿಶ್, ಫ್ರಾನ್ಸಿನ ಚಿತ್ರಕಾರ್ತಿ ಆಂದ್ರೆ ಕಾರ್ಪೆಲೆಸ್, 1928ರ ಸುಮಾರಿಗೆ ಆಸ್ಟ್ರಿಯಾದ ಶಿಲ್ಪಿ ಲೀಸಾ ಫಾನ್ ಪಾಟ್, ಅವರ ಬೆನ್ನಿಗೇ ಮಿಲ್ವರ್ಡ್. ಕ್ರಾಮ್ರಿಶ್ ಅವರಿಗೆ ಮುಂದೆ ದೊಡ್ಡ ಹೆಸರು ಬಂದಿತು. ಉಳಿದವರು ‘ಇವರೂ ಬಂದು ಹೋದರು’ ಎಂಬ ಪಟ್ಟಿಗೆ ಸೇರಿದರು.

ಆಗ ಅಲ್ಲಿ ರಾಮಕಿಂಕರ ಬೈಜ್ (1906–1980) ಎಂಬ ತರುಣನಿದ್ದ. ಬಾಂಕುಡಾದ ಬಡ ಕ್ಷೌರಿಕ ಕುಟುಂಬದಿಂದ 1925ರಲ್ಲಿ ಬಂದವನು. ಬಾಲ್ಯದಲ್ಲಿ ಊರಿನ ಮೂರ್ತಿಕಾರರ ಬಳಿ ಮಣ್ಣಿನ ಕೆಲಸ ನೋಡಿ ಕಲಿತಿದ್ದ. ಆ ಮೂರ್ತಿಕಾರರ ಕುಲನಾಮವೂ ಸೂತ್ರಧಾರವೇ ಎಂಬುದು ಸ್ವಾರಸ್ಯದ ಸಂಗತಿ. ಮೂರ್ತಿಕಾರನ ಕೈ ಆ ಹುಡುಗನಿಗೆ ಆಗಲೇ ಇತ್ತು. ಇಲ್ಲದಿದ್ದದ್ದು ಎದುರಿಗೆ ಕುಳಿತ ಒಬ್ಬ ಮನುಷ್ಯನನ್ನು ಸುತ್ತಲಿನಿಂದ ನೋಡಿ, ಒಳಗಿನ ಎಲುಬಿನ ಲೆಕ್ಕ ಹಿಡಿದು, ಮಣ್ಣಿನಲ್ಲಿ ಎಬ್ಬಿಸುವ ಆಧುನಿಕ ವಿಧಾನ. ಅದನ್ನು ಆತ ಈ ಇಬ್ಬರು ಸ್ತ್ರೀಯರಿಂದ ಪಡೆದ. ಬೋರ್ದೆಲ್ಲರ ಕಟ್ಟಡಪ್ರಜ್ಞೆಯ ಪರಿಚಯ ವಿಶೇಷವಾಗಿ ಮಿಲ್ವರ್ಡ್ ಅವರಿಂದಾಯಿತು. ಹೀಗೆಂದ ಮಾತ್ರಕ್ಕೆ ರಾಮಕಿಂಕರರ ಪ್ರತಿಭೆಯನ್ನು ಯಾರದೋ ಕೊಡುಗೆಯೆಂದು ಹೇಳುವುದು ನಮ್ಮ ಇಂಗಿತವಲ್ಲ. ಪಂಪನಿಗೆ ಗುರು ಇದ್ದನೆಂದರೆ ಪಂಪ ಕಿರಿದಾಗುವುದಿಲ್ಲವಷ್ಟೆ. ಆದರೆ ಗುರುವಿನ ಹೆಸರನ್ನು ತಪ್ಪದೆ ಹೇಳುವುದನ್ನು ಶಿಷ್ಟಾಚಾರವೆಂದು ತಿಳಿದ ಸಂಸ್ಕೃತಿಯಲ್ಲಿ, ಗುರು ಹೆಣ್ಣಾದಾಗ ಆ ಶಿಷ್ಟಾಚಾರ ಏಕೆ ಸಡಿಲವಾಗುತ್ತದೆ ಎಂದು ಕೇಳುವುದು ಅನುಚಿತವಾಗಲಾರದು.

ಮಿಲ್ವರ್ಡ್ ಬೋಧಕಿಯಾಗಿ ಉಳಿಯಲಿಲ್ಲ. 1935ರಿಂದ 1938ರ ಅವಧಿಯಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಅವರು ಭಾರತದ ಹಲವು ಭಾಗಗಳ ಆದಿವಾಸಿ ಸಮುದಾಯಗಳ ನಡುವೆ ಸಂಚರಿಸಿ ಅಲ್ಲಿಯ ಜನರ ತಲೆಗಳನ್ನು ಜೀವಂತ ಮಾದರಿಯಿಂದಲೇ ರೂಪಿಸಿದರು. ಈ ಕೆಲಸ ಹೇಳಿದಷ್ಟು ಸುಲಭವಲ್ಲ. ಚಿತ್ರಕಾರನಿಗೆ ಒಂದು ಹಲಗೆ, ನಾಲ್ಕು ಬಣ್ಣ ಸಾಕು. ಶಿಲ್ಪಿಗೆ ಹದವಾದ ಮಣ್ಣು ಬೇಕು, ಅದು ಒಣಗಿ ಬಿರಿಯದಂತೆ ಒದ್ದೆ ಬಟ್ಟೆ ಸುತ್ತಿಡಬೇಕು. ಕುಳಿತ ವ್ಯಕ್ತಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಕದಲದೆ ಕುಳಿತುಕೊಳ್ಳಲು ಒಪ್ಪಬೇಕು. ಮಣ್ಣಿನ ಮೂರ್ತಿ ಮುಗಿದ ಮೇಲೆ ಅದರ ಅಚ್ಚು ತೆಗೆಯಬೇಕು. ಅಚ್ಚು ಒಡೆದರೆ ಶ್ರಮವೆಲ್ಲ ವ್ಯರ್ಥ. ರೈಲು ಇಲ್ಲದ, ರಸ್ತೆ ಇಲ್ಲದ ಕಡೆಯಿಂದ ಆ ಭಾರವನ್ನೆಲ್ಲ ಹೊರಗೆ ಸಾಗಿಸಬೇಕು. ಈ ಪ್ರವಾಸಗಳ ವೃತ್ತಾಂತವನ್ನು ಅವರು ‘ಆರ್ಟಿಸ್ಟ್ ಇನ್ ಅನ್‌ನೋನ್ ಇಂಡಿಯಾ’ ಎಂಬ ಹೆಸರಿನಿಂದ 1948ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ‘ಅಜ್ಞಾತ ಭಾರತದಲ್ಲಿ ಕಲಾವಿದೆ’ ಎಂದು ಇದನ್ನು ಕನ್ನಡಿಸಬಹುದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಪುರಾತತ್ವ ಮತ್ತು ಮಾನವಶಾಸ್ತ್ರ ಸಂಗ್ರಹಾಲಯದಲ್ಲಿ ಆ ತಲೆಗಳು ಇವೆ.

ಇಲ್ಲಿಯೇ ಆಕೆಯ ವಿಸ್ಮೃತಿಯ ಕಾರಣವೂ ಅಡಗಿದೆ ಎಂದು ನಮಗೆ ತೋರುತ್ತದೆ. ಕೃತಿಗಳು ಸೇರಿದ್ದು ಕಲಾಸಂಗ್ರಹಾಲಯವನ್ನಲ್ಲ, ಮಾನವಶಾಸ್ತ್ರದ ಸಂಗ್ರಹಾಲಯವನ್ನು. ಕಲಾಚರಿತ್ರಕಾರರು ಅತ್ತ ಹೋಗಲಿಲ್ಲ. ಮಾನವಶಾಸ್ತ್ರಜ್ಞರಿಗೆ ಅವು ಒಂದೊಂದು ಕುಲದ ಮುಖಲಕ್ಷಣವನ್ನು ತೋರಿಸುವ ಮಾದರಿಗಳು. ಮಾದರಿಯನ್ನು ಮಾಡಿದವರು ಯಾರೆಂಬುದು ಅವರಿಗೆ ಗೌಣ. ಎರಡು ಶಾಸ್ತ್ರಗಳ ನಡುವಿನ ಓಣಿಯಲ್ಲಿ ಶಿಲ್ಪಿ ಕಳೆದುಹೋದರು. ಇದೇ ಕಾಲದಲ್ಲಿ ಅಮೆರಿಕದ ಮಾಲ್ವಿನಾ ಹಾಫ್‌ಮನ್, ಅವರೂ ರೋಡಿನ್ನರ ಶಿಷ್ಯೆ, ಷಿಕಾಗೋದ ಫೀಲ್ಡ್ ಸಂಗ್ರಹಾಲಯಕ್ಕಾಗಿ ‘ಮಾನವಕುಲದ ಜನಾಂಗಗಳು’ ಎಂಬ ಬೃಹತ್ ಶಿಲ್ಪಸಮೂಹವನ್ನು ಮಾಡಿ 1933ರಲ್ಲಿ ಪ್ರದರ್ಶನಕ್ಕಿಟ್ಟರು. ಅವರ ಹಿಂದೆ ಒಂದು ಶ್ರೀಮಂತ ಸಂಸ್ಥೆಯಿತ್ತು, ಹೆಸರು ಉಳಿಯಿತು. ಆದರೆ ಜನಾಂಗಗಳನ್ನು ಹೀಗೆ ಮಾದರಿಗಳಾಗಿ ಜೋಡಿಸುವ ವಿಚಾರವೇ ಮುಂದೆ ತಿರಸ್ಕೃತವಾಗಿ, 1969ರಲ್ಲಿ ಆ ಸಭಾಂಗಣ ಮುಚ್ಚಿತು.

ಆ ತಿರಸ್ಕಾರದಲ್ಲಿ ನ್ಯಾಯವಿದೆ. ಮಿಲ್ವರ್ಡ್ ಅವರನ್ನು ಕುರಿತು ಬರೆಯುವವರು ಇದನ್ನು ಮರೆಮಾಚಬಾರದು. ಒಬ್ಬ ಮನುಷ್ಯನನ್ನು ಕೂರಿಸಿ, ಅವನ ಮುಖವನ್ನು ಮಣ್ಣಿನಲ್ಲಿ ಮಾಡಿ, ಅವನನ್ನು ಒಂದು ಕುಲದ ಪ್ರತಿನಿಧಿಯೆಂದು ಕಪಾಟಿನಲ್ಲಿ ಇಡುವುದು ವಸಾಹತುಶಾಹಿ ಜ್ಞಾನದ ಒಂದು ರೀತಿ. ‘ಅಜ್ಞಾತ ಭಾರತ’ವೆಂಬ ಮಾತನ್ನೇ ನೋಡಿ. ಯಾರಿಗೆ ಅಜ್ಞಾತ? ಆ ಬೆಟ್ಟಗಳಲ್ಲಿ ವಾಸಿಸುವವರಿಗಂತೂ ಅಲ್ಲ. ಆದರೆ ಶಿಲ್ಪದ ಸ್ವಭಾವದಲ್ಲಿಯೇ ಈ ಉದ್ದೇಶವನ್ನು ಮೀರುವ ಏನೋ ಒಂದು ಇದೆ. ಅಳತೆಗೋಲು ಸರಾಸರಿಯನ್ನು ಕೊಡಬಲ್ಲದು. ಬೆರಳುಗಳು ಎದುರಿಗೆ ಕುಳಿತವನನ್ನಷ್ಟೇ ಕೊಡುತ್ತವೆ. ಬಿಗಿದ ತುಟಿ, ಆಯಾಸದ ರೆಪ್ಪೆ ಯಾವ ಕುಲಕ್ಕೂ ಸೇರಿದ್ದಲ್ಲ. ಮಾರ್ಕ್ ಎಲಿಯಟ್ ಎಂಬ ವಿದ್ವಾಂಸರು 2012ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಮಿಲ್ವರ್ಡ್ ಅವರ ಈ ಶಿಲ್ಪಗಳನ್ನು ಜೀವನಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸಿರುವುದು ಸರಿಯಾದ ದಿಕ್ಕಿನಲ್ಲಿ ಇಟ್ಟ ಹೆಜ್ಜೆ.

ಗುರುಶಿಷ್ಯರನ್ನು ಒಟ್ಟಿಗೆ ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಮಿಲ್ವರ್ಡ್ ತಮ್ಮ ಸಂಚಾರ ಮುಗಿಸಿದ 1938ನೆಯ ಇಸವಿಯೇ ರಾಮಕಿಂಕರರು ಶಾಂತಿನಿಕೇತನದ ಬಯಲಿನಲ್ಲಿ ‘ಸಂತಾಲ ಕುಟುಂಬ’ವನ್ನು ನಿಲ್ಲಿಸಿದ ವರ್ಷ. ಕಂಚಿಗೆ ಹಣವೆಲ್ಲಿ? ಸ್ಥಳೀಯ ಕೆಂಪು ಜಂಬಿಟ್ಟಿಗೆಯ ಹರಳುಗಳನ್ನೂ ಸಿಮೆಂಟನ್ನೂ ಕಲಸಿ ಕಟ್ಟಿದ ಶಿಲ್ಪವದು. ಗಂಡ, ಹೆಂಡತಿ, ಮಗು, ಜೊತೆಗೆ ಒಂದು ನಾಯಿ; ಮನೆಯ ಸಾಮಾನನ್ನು ಹೊತ್ತು ಊರು ಬಿಟ್ಟು ನಡೆಯುತ್ತಿದ್ದಾರೆ. ಇಬ್ಬರ ವಸ್ತುವೂ ಆದಿವಾಸಿ ಬದುಕೇ, ಇಬ್ಬರಲ್ಲೂ ಬೋರ್ದೆಲ್ಲರ ಕಟ್ಟಡವಿದೆ. ಗುರು ತಲೆಯನ್ನು ದೇಹದಿಂದ ಬಿಡಿಸಿ ತೆಗೆದುಕೊಂಡು ದೂರದ ದೇಶಕ್ಕೆ ಒಯ್ದರು. ಶಿಷ್ಯ ತಲೆಗೆ ದೇಹವನ್ನೂ, ದೇಹಕ್ಕೆ ಹೊರೆಯನ್ನೂ, ಹೊರೆಗೆ ದಾರಿಯನ್ನೂ ಕೊಟ್ಟು, ಆ ಜನರೇ ನಡೆದಾಡುವ ನೆಲದ ಮೇಲೆ ನಿಲ್ಲಿಸಿದ. ಶಿಷ್ಯ ಗುರುವನ್ನು ಒಪ್ಪಿಕೊಂಡು ಮೀರಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಆದರೆ ಮೀರಿದ್ದು ಏನನ್ನು ಎಂಬುದು ತಿಳಿಯಬೇಕಾದರೆ ಮೊದಲನೆಯದರ ಪರಿಚಯವಿರಬೇಕು.

ಈಗ ವಡೋದರಕ್ಕೆ ಮರಳೋಣ. 1949ರಲ್ಲಿ ಅಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಕುಲಪತಿ ಸ್ಥಾನಕ್ಕೆ ಬಂದವರು ಹಂಸಾ ಮೆಹ್ತಾ. ಅವರೂ ಸೂರತ್ತಿನವರು, ಗುಜರಾತಿಯ ಮೊದಲ ಕಾದಂಬರಿಯೆಂದು ಗಣಿಸಲಾದ ‘ಕರಣ ಘೇಲೋ’ (1866) ಬರೆದ ನಂದಶಂಕರ ಮೆಹ್ತಾ ಅವರ ಮೊಮ್ಮಗಳು. 1948ರ ವಿಶ್ವ ಮಾನವಹಕ್ಕು ಘೋಷಣೆಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂದು ಅರ್ಥವಾಗಬಹುದಾಗಿದ್ದ ಪದವನ್ನು ‘ಎಲ್ಲ ಮಾನವರು’ ಎಂದು ಬದಲಾಯಿಸಲು ಕಾರಣರಾದವರು. ಒಂದು ಪದದ ರೂಪ ಎಷ್ಟು ಜನರನ್ನು ಹೊರಗಿಡಬಲ್ಲದೆಂದು ಬಲ್ಲವರು ಆಕೆ. ಅವರ ಕಾಲದಲ್ಲಿಯೇ, 1950ರಲ್ಲಿ, ಲಲಿತಕಲಾ ನಿಕಾಯ ಆರಂಭವಾಯಿತು. ಜಾತಿಯ ಹಂಗಿಲ್ಲದೆ, ಮನೆತನದ ದಾರವಿಲ್ಲದೆ, ಪ್ರವೇಶ ಪಡೆದ ಯಾರೇ ಆಗಲಿ ಶಿಲ್ಪವನ್ನು ವಿಶ್ವವಿದ್ಯಾಲಯದ ಪದವಿಗಾಗಿ ಕಲಿಯಬಹುದಾಯಿತು. ಶಿಲ್ಪವಿಭಾಗವನ್ನು ಕಟ್ಟಿ 1970ರವರೆಗೆ ನಡೆಸಿದವರು ಶಂಖೋ ಚೌಧುರಿ (1916–2006). ಅವರು ಶಾಂತಿನಿಕೇತನದಲ್ಲಿ ರಾಮಕಿಂಕರರ ಶಿಷ್ಯರು. ಹೀಗೆ ಬೋರ್ದೆಲ್, ಮಿಲ್ವರ್ಡ್, ರಾಮಕಿಂಕರ, ಶಂಖೋ ಎಂಬ ಸಾಲು ಕೂಡುತ್ತದೆ. ಈ ಸಾಲನ್ನು ಹೇಳುವವರು ಬಹುಮಟ್ಟಿಗೆ ಮೂರನೆಯ ಹೆಸರಿನಿಂದ ಆರಂಭಿಸುತ್ತಾರೆ.

ಸಾಲು ಅಲ್ಲಿಗೇ ನಿಲ್ಲಲಿಲ್ಲ. ರಾಮಕಿಂಕರರ ಬಳಿ ಕಲಿತ ಶಿಲ್ಪಿ ಲೀಲಾ ಮುಖರ್ಜಿಯವರ ಮಗಳು ಮೃಣಾಲಿನಿ ಮುಖರ್ಜಿ (1949–2015) ವಡೋದರದಲ್ಲಿ ಓದಿ, ಸೆಣಬಿನ ಹುರಿಗಳನ್ನು ಗಂಟು ಹಾಕಿ ಹಾಕಿ ಆಳೆತ್ತರದ ದೇವತಾರೂಪಗಳನ್ನು ನಿರ್ಮಿಸಿದರು. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆಯಿಂದ ವಡೋದರಕ್ಕೂ ಅಲ್ಲಿಂದ ಶಾಂತಿನಿಕೇತನಕ್ಕೂ ಹೋದವರು. ಸಗಣಿ, ಸೂಜಿ, ದಾರಗಳನ್ನೂ ಶಿಲ್ಪದ ಸಾಮಗ್ರಿಯಾಗಿಸಿದವರು. ಇದೇ ಹೊತ್ತಿನಲ್ಲಿ ಕರ್ನಾಟಕದಲ್ಲಿಯೇ ಉಳಿದು ಸಂಪ್ರದಾಯ ಶಿಲ್ಪದ ದಾರಿ ಹಿಡಿದ ಕನಕಾ ಮೂರ್ತಿಯವರನ್ನೂ (1942–2021) ಸ್ಮರಿಸಬೇಕು. ದೇವಲಕುಂದ ವಾದಿರಾಜರು ಅವರನ್ನು ಶಿಷ್ಯೆಯಾಗಿ ಸ್ವೀಕರಿಸಿ ಕಲ್ಲಿನ ಕೆಲಸ ಕಲಿಸಿದರು. ಜಕಣಾಚಾರಿ ಪ್ರಶಸ್ತಿ ಪಡೆದ ಮೊದಲ ಸ್ತ್ರೀ ಅವರು. ಅಲ್ಲಿ ಒಬ್ಬ ಗುರುವಿನ ಔದಾರ್ಯದಿಂದ ಆದದ್ದು ವಡೋದರದಲ್ಲಿ ಸಂಸ್ಥೆಯ ನಿಯಮದಿಂದಲೇ ಆಗುತ್ತಿತ್ತು. ಅಹಮದಾಬಾದಿನ ಜಸು ಶಿಲ್ಪಿ (1948–2013) ನಗರ ನಗರಗಳ ವೃತ್ತಗಳಿಗೆ ಕಂಚಿನ ಪ್ರತಿಮೆಗಳನ್ನು ಎರಕ ಹೊಯ್ದುಕೊಟ್ಟು, ಉಪನಾಮದ ಸ್ಥಾನದಲ್ಲಿ ವೃತ್ತಿಯ ಹೆಸರನ್ನೇ ಧರಿಸಿದರು.

‘ಅಜ್ಞಾತ ಭಾರತ’ ಎಂಬ ಮಾತು ಕೂಡ ಗುಜರಾತಿನ ಹಾದಿಯಲ್ಲಿ ಮತ್ತೊಮ್ಮೆ ಕಾಣಿಸಿಕೊಂಡಿತು. ಅಂದಿನ ಸೂರತ್ ಜಿಲ್ಲೆಯ ವಾಲೋಡ್ ಗ್ರಾಮದಲ್ಲಿ ಹುಟ್ಟಿದ ಹಕು ಷಾ (1934–2019) ವಡೋದರದಲ್ಲಿ ಕಲೆ ಕಲಿತು, ಗಾಂಧೀಜಿ 1920ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠದಲ್ಲಿ ಆದಿವಾಸಿ ಸಂಗ್ರಹಾಲಯವನ್ನು ಕಟ್ಟಿದರು. ಅವರ ನೆರವಿನಿಂದ ಸ್ಟೆಲ್ಲಾ ಕ್ರಾಮ್ರಿಶ್ 1968ರಲ್ಲಿ ಫಿಲಡೆಲ್ಫಿಯಾದಲ್ಲಿ ಏರ್ಪಡಿಸಿದ ಪ್ರದರ್ಶನದ ಹೆಸರು ‘ಅನ್‌ನೋನ್ ಇಂಡಿಯಾ’. ಮಿಲ್ವರ್ಡ್ ಅವರ ಪುಸ್ತಕಕ್ಕೂ ಇದಕ್ಕೂ ಇಪ್ಪತ್ತು ವರ್ಷಗಳ ಅಂತರ. ಹೆಸರು ಅದೇ, ಆದರೆ ಒಳಗಿನದು ಬದಲಾಗಿದೆ. ಮಿಲ್ವರ್ಡ್ ಅವರ ಸಂಗ್ರಹದಲ್ಲಿ ಆದಿವಾಸಿಗಳು ಶಿಲ್ಪವಾಗಿದ್ದರು. ಫಿಲಡೆಲ್ಫಿಯಾದಲ್ಲಿ ಬುಡಕಟ್ಟಿನ ಮತ್ತು ಹಳ್ಳಿಯ ಜನರು ತಾವೇ ಶಿಲ್ಪಿಗಳಾಗಿ, ಮಣ್ಣು ಮರ ಲೋಹಗಳಲ್ಲಿ ತಾವು ಮಾಡಿದ ವಸ್ತುಗಳ ಮೂಲಕ ಬಂದರು. ಹೆಸರು ಮತ್ತೆ ಅಜ್ಞಾತವೆಂದೇ ಇತ್ತು ಎಂಬ ಕೊರತೆಯನ್ನು ನಾವು ಅಲ್ಲಗಳೆಯುವುದಿಲ್ಲ. 2017ರಲ್ಲಿ ಕೇಂಬ್ರಿಜ್ ಸಂಗ್ರಹಾಲಯ ಆದಿವಾಸಿ ಭಾರತವನ್ನು ಕುರಿತು ಪ್ರದರ್ಶನವನ್ನಿಟ್ಟಾಗ ಅದಕ್ಕೆ ‘ಅನದರ್ ಇಂಡಿಯಾ’, ಮತ್ತೊಂದು ಭಾರತ, ಎಂದು ಹೆಸರಾಯಿತು.

ಕೊನೆಯದಾಗಿ ಬೆಂಗಳೂರಿನ ಎನ್. ಪುಷ್ಪಮಾಲಾ. 1956ರಲ್ಲಿ ಹುಟ್ಟಿದ ಇವರು ವಡೋದರದಲ್ಲಿ ಶಿಲ್ಪವನ್ನೇ ಮುಖ್ಯ ವಿಷಯವಾಗಿ ಅಭ್ಯಾಸ ಮಾಡಿದವರು. ಅಲ್ಲಿ ಆಗ ಪಾಠ ಹೇಳುತ್ತಿದ್ದ ರಾಘವ ಕನೇರಿಯಾ ಶಂಖೋ ಚೌಧುರಿಯವರ ಶಿಷ್ಯರು. ಸುಟ್ಟ ಮಣ್ಣಿನ ಶಿಲ್ಪಗಳಿಂದ ಆರಂಭಿಸಿದ ಪುಷ್ಪಮಾಲಾ ಮುಂದೆ ಛಾಯಾಚಿತ್ರದತ್ತ ಹೊರಳಿ, 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ ‘ದಕ್ಷಿಣ ಭಾರತದ ಸ್ಥಳೀಯ ಸ್ತ್ರೀಯರು: ನಡೆನುಡಿ, ಆಚಾರಗಳು’ ಎಂಬ ಅರ್ಥದ ಹೆಸರಿನ ಒಂದು ಸರಣಿಯನ್ನು ರಚಿಸಿದರು. ಹೆಸರೇ ವಸಾಹತು ಕಾಲದ ಮಾನವಶಾಸ್ತ್ರ ಗ್ರಂಥಗಳ ಅಣಕ. ರವಿವರ್ಮನ ಲಕ್ಷ್ಮಿಯಾಗಿ, ಬೆಳದಿಂಗಳಿನ ಚೆಲುವೆಯಾಗಿ, ಪತ್ರಿಕೆಯ ಚಿತ್ರದಲ್ಲಿನ ಆರೋಪಿಯಾಗಿ ಅವರೇ ವೇಷ ತೊಟ್ಟು ನಿಲ್ಲುತ್ತಾರೆ. ಸರಣಿಯ ಒಂದು ಭಾಗದಲ್ಲಿ, ಹತ್ತೊಂಬತ್ತನೆಯ ಶತಮಾನದ ಮಾನವಶಾಸ್ತ್ರಜ್ಞರು ಆದಿವಾಸಿ ದೇಹಗಳನ್ನು ಅಳೆಯಲು ಬಳಸಿದ ಚೌಕುಳಿ ಪರದೆಯನ್ನು ಹಿಂದೆ ಕಟ್ಟಿಕೊಂಡು, ಅಳತೆಗೆ ಒಡ್ಡಲ್ಪಟ್ಟ ಸ್ತ್ರೀಯಾಗಿ ತಾವೇ ಕ್ಯಾಮೆರಾದ ಎದುರು ಹಾಜರಾಗಿದ್ದಾರೆ.

ಮಿಲ್ವರ್ಡ್ ಅವರ ಎದುರಿಗೆ ಕುಳಿತವರು ತಮ್ಮ ಮುಖವನ್ನು ಕೊಟ್ಟರು, ಮಿಲ್ವರ್ಡ್ ಕೈಯನ್ನು ಕೊಟ್ಟರು. ಪುಷ್ಪಮಾಲಾ ಅವರ ಚಿತ್ರದಲ್ಲಿ ಮುಖವೂ ಯೋಜನೆಯೂ ಒಬ್ಬರವೇ. ಚಿತ್ರದ ಕೆಳಗೆ ಕಲಾವಿದೆಯ ಹೆಸರಿದೆ. ಕುಳಿತವರ ಹೆಸರೂ ಅದೇ.